ಮೆಂಡೆಲ್ಸನ್ ಜಾಡು ಹಿಡಿದು ಏಳು ದಿನ: ಲೈಪ್‌ಜಿಗ್‌ನಿಂದ ವಾಲ್ಥಮ್ ಆ್ಯಬಿಗೆ

ಈ ಪ್ರವಾಸವನ್ನು ಶುಕ್ರವಾರವೇ ಶುರು ಮಾಡಬೇಕು. ಲೈಪ್‌ಜಿಗ್‌ನ ಥೋಮಾಸ್ ಚರ್ಚಿನಲ್ಲಿ ಹುಡುಗರ ಮೇಳ ಹಾಡುವುದು ಶುಕ್ರವಾರ ಸಂಜೆ 6ಕ್ಕೆ ಮತ್ತು ಶನಿವಾರ ಮಧ್ಯಾಹ್ನ 3ಕ್ಕೆ. ಬರ್ಲಿನ್ ಕೆಥೆಡ್ರಲಿನ ಮುಖ್ಯ ಆರಾಧನೆ ಭಾನುವಾರ ಬೆಳಗ್ಗೆ 10ಕ್ಕೆ. ಈ ಮೂರು ಹೊತ್ತನ್ನು ಮೊದಲು ಗುರುತು ಹಾಕಿಕೊಂಡರೆ ಮಿಕ್ಕ ದಿನಗಳನ್ನು ಹೇಗೆ ಬೇಕಾದರೂ ಜೋಡಿಸಬಹುದು. ಜುಲೈ, ಆಗಸ್ಟ್ ಬೇಡ. ಶಾಲೆಗೆ ರಜೆ ಬಂತೆಂದರೆ ಹುಡುಗರ ಮೇಳಕ್ಕೂ ರಜೆ. ಜರ್ಮನಿಯಲ್ಲೂ ಹಾಗೇ, ಇಂಗ್ಲೆಂಡಿನಲ್ಲೂ ಹಾಗೇ. ಆಗ ಹೊರಗಿನ ತಂಡಗಳು ಬಂದು ಹಾಡುತ್ತವೆ. ಮೇ, ಜೂನ್ ಅಥವಾ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದವರೆಗೆ ಒಳ್ಳೆಯದು. ಭಾರತದ ಪಾಸ್‌ಪೋರ್ಟ್ ಇರುವವರು ಒಂದು ಮಾತು ಮರೆಯಬಾರದು: ಜರ್ಮನಿಗೆ ಷೆಂಗೆನ್ ವೀಸಾ, ಬ್ರಿಟನ್ನಿಗೆ ಬೇರೆ ವೀಸಾ. ಒಂದರಲ್ಲಿ ಇನ್ನೊಂದು ನಡೆಯುವುದಿಲ್ಲ.

ಜರ್ಮನ್ ಸಂಗೀತ ರಚನಕಾರ ಫೆಲಿಕ್ಸ್ ಮೆಂಡೆಲ್ಸನ್ ಹುಟ್ಟಿದ್ದು 1809ರಲ್ಲಿ ಹ್ಯಾಂಬರ್ಗ್‌ನಲ್ಲಿ, ಬೆಳೆದದ್ದು ಬರ್ಲಿನ್‌ನಲ್ಲಿ. ಯಹೂದಿ ತತ್ವಜ್ಞಾನಿ ಮೋಸೆಸ್ ಮೆಂಡೆಲ್ಸನ್ನನ ಮೊಮ್ಮಗ. 1816ರಲ್ಲಿ ಪ್ರೊಟೆಸ್ಟೆಂಟ್ ಚರ್ಚಿನಲ್ಲಿ ದೀಕ್ಷಾಸ್ನಾನ. 38ನೇ ವಯಸ್ಸಿಗೆ ತೀರಿಕೊಂಡ. ಚರ್ಚಿಗಾಗಿಯೇ ಬರೆಯಬೇಕೆಂಬ ಹುದ್ದೆ ಅವನಿಗೆ ಸಿಕ್ಕಿದ್ದು ಬರ್ಲಿನ್‌ನಲ್ಲಿ. ಅವನ ಸಂಗೀತ ಚರ್ಚಿನೊಳಗೆ ಬೇರು ಬಿಟ್ಟದ್ದು ಮಾತ್ರ ಹೆಚ್ಚಾಗಿ ಬೇರೆ ಕಡೆ, ಅದೂ ಅವನು ಚರ್ಚಿಗೆಂದು ಬರೆಯದ ತುಣುಕುಗಳ ಮೂಲಕ. ಈ ದಾರಿಯನ್ನು ಲೈಪ್‌ಜಿಗ್‌ನಿಂದ ಇಂಗ್ಲೆಂಡಿನ ಕಡೆಗೆ ಹಾಕಿರುವುದು ಅದಕ್ಕೇ.

ಮೊದಲ ದಿನ, ಶುಕ್ರವಾರ: ಲೈಪ್‌ಜಿಗ್

ಮುಖ್ಯ ರೈಲು ನಿಲ್ದಾಣದಿಂದ ಗೋಲ್ಡ್‌ಶ್ಮಿಟ್ ಬೀದಿಯ 12ನೇ ನಂಬರಿನ ಮನೆಗೆ ನಡೆದೇ ಹೋಗಬಹುದು. ಮೆಂಡೆಲ್ಸನ್ 1845ರಿಂದ ಈ ಮನೆಯ ಮೊದಲ ಮಹಡಿಯಲ್ಲಿ ಸಂಸಾರ ಹೂಡಿದ್ದ. 1847ರ ನವೆಂಬರ್ 4ರಂದು ಸತ್ತದ್ದೂ ಇಲ್ಲೇ. 1997ರಿಂದ ಇದು ವಸ್ತುಸಂಗ್ರಹಾಲಯ. ಬರೆಯುವ ಮೇಜಿನ ಕೋಣೆಯ ಮುಂದೆ ಎಲ್ಲರೂ ನಿಲ್ಲುತ್ತಾರೆ. ಚರ್ಚಿನ ಕೊಯರಿನಲ್ಲಿ ಹಾಡುವವರು ಹೆಚ್ಚು ಹೊತ್ತು ಕಳೆಯಬೇಕಾದದ್ದು ಧ್ವನಿವರ್ಧಕದ ಕಂಬಗಳು ಅರ್ಧವರ್ತುಲವಾಗಿ ನಿಂತಿರುವ ಕೋಣೆಯಲ್ಲಿ. ಅಲ್ಲಿ ನಿರ್ದೇಶಕನ ಕೋಲು ಹಿಡಿದು ಗತಿಯನ್ನು ಏರಿಸಬಹುದು, ಇಳಿಸಬಹುದು, ಒಂದೊಂದು ಧ್ವನಿಯನ್ನೂ ಬೇರೆಬೇರೆಯಾಗಿ ಮುಚ್ಚಬಹುದು, ತೆರೆಯಬಹುದು. ಮೇಲಿನ ಧ್ವನಿಯಾದ ಸೊಪ್ರಾನೊ ಮುಚ್ಚಿ, ನಡುವಿನ ಆಲ್ಟೊ ಮತ್ತು ಟೆನರ್ ಮಾತ್ರ ಕೇಳಿ ನೋಡಿ. ಮೆಂಡೆಲ್ಸನ್ನನ ಒಳಧ್ವನಿಗಳು ಭರ್ತಿಗೆಂದು ಹಾಕಿದ ಸ್ವರಗಳಲ್ಲ, ಒಂದೊಂದಕ್ಕೂ ತನ್ನದೇ ಒಂದು ಹಾಡಿದೆ. ಸಣ್ಣ ಕೊಯರುಗಳು ಕಲಿಯುವಾಗ ಸೊಪ್ರಾನೊವನ್ನು ತಿದ್ದಿ ತೀಡಿ, ಆಲ್ಟೊವನ್ನು ಪಿಯಾನೊಗೆ ಒಪ್ಪಿಸಿ ಸುಮ್ಮನಾಗುತ್ತವೆ. ಆಮೇಲೆ ಹಾಡು ಸಪ್ಪೆ ಎನ್ನುತ್ತವೆ.

ಮಧ್ಯಾಹ್ನ ಅಗಸ್ಟಸ್ ಚೌಕ. ನೀಲಿ ಗಾಜಿನ ಮುಖದ ಪೌಲಿನಮ್ ನಿಂತಿರುವ ಜಾಗದಲ್ಲಿ ವಿಶ್ವವಿದ್ಯಾಲಯದ ಹಳೆಯ ಚರ್ಚು ಇತ್ತು. 1968ರ ಮೇ 30ರಂದು ಪೂರ್ವ ಜರ್ಮನಿಯ ಆಡಳಿತ ಅದನ್ನು ಸಿಡಿಮದ್ದಿಟ್ಟು ಕೆಡವಿತು. ಮೆಂಡೆಲ್ಸನ್ನನ ‘ಪೌಲ’ ಒರೆಟೋರಿಯೊ (ಬೈಬಲ್ ಕಥೆಯನ್ನು ವೇಷ, ಅಭಿನಯವಿಲ್ಲದೆ ಹಾಡುವ ದೊಡ್ಡ ಕೃತಿ) ಲೈಪ್‌ಜಿಗ್‌ನಲ್ಲಿ ಮೊದಲು ನಡೆದದ್ದೂ (1837), ಅವನ ಶವಸಂಸ್ಕಾರದ ಆರಾಧನೆ ನಡೆದದ್ದೂ ಆ ಚರ್ಚಿನಲ್ಲೇ.

ಸಂಜೆ 5.15ಕ್ಕೆಲ್ಲ ಥೋಮಾಸ್ ಚರ್ಚಿನ ಬಾಗಿಲಲ್ಲಿರಬೇಕು. ಪ್ರವೇಶಕ್ಕೆ ಟಿಕೆಟ್ ಇಲ್ಲ. ಕೆಲವೇ ಯೂರೋ ಕೊಟ್ಟು ಅಂದಿನ ಹಾಡುಗಳ ಹಾಳೆ ಕೊಳ್ಳಬೇಕು, ಅದೇ ಚೀಟಿ. ಎಲ್ಲಿ ಕೂರಬೇಕೆಂಬುದರ ಮೇಲೆ ಕೇಳ್ಮೆ ನಿಂತಿದೆ. ಮೇಳ ಸಾಮಾನ್ಯವಾಗಿ ಹಾಡುವುದು ಹಿಂಭಾಗದ, ಪಶ್ಚಿಮದ ಅಟ್ಟದಿಂದ. ಬೇಗ ಬಂದವರು ಬಲಿಪೀಠದ ಹತ್ತಿರವೆಂದು ಮುಂದಿನ ಸಾಲಿಗೆ ಧಾವಿಸಿದರೆ ಮಾತುಗಳು ಕಲಸಿಹೋಗಿ ಕೇಳುತ್ತವೆ. ಅಟ್ಟದ ಕೆಳಗೇ ಕೂತರೆ ಸೊಪ್ರಾನೊ ತಲೆಯ ಮೇಲೆ ಹಾರಿಹೋಗುತ್ತದೆ. ನಡುವಿನ ಸಾಲುಗಳು ಸರಿ. ಚಪ್ಪಾಳೆ ತಟ್ಟಬಾರದು, ಇದು ಕಛೇರಿಯಲ್ಲ, ಆರಾಧನೆ. ನಡುವೆ ಸಭೆಯೂ ಎದ್ದುನಿಂತು ಒಂದು ಕೊರಾಲ್ ಹಾಡುತ್ತದೆ. ಹಾಳೆಯಲ್ಲಿ ರಾಗ ಅಚ್ಚಾಗಿರುವುದರಿಂದ ಜರ್ಮನ್ ಬಾರದವರೂ ದನಿಗೂಡಿಸಬಹುದು.

ಕೊರಾಲ್ ಎಂದರೆ ಲೂಥರನ ಕಾಲದಿಂದ ಬಂದ ಸಭಾಗೀತೆ: ಸಾಲಿಗೊಂದು ನಿಲುಗಡೆ, ಅಕ್ಷರಕ್ಕೊಂದು ಸ್ವರ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕನ್ನಡ ಪದ ಕೂಡಿಸಿ ಹಾಡಿಸಿದ್ದು ಈ ಬಗೆಯ ರಾಗಗಳಿಗೇ. ಹಾಗಾಗಿ ದಕ್ಷಿಣ ಕನ್ನಡದ, ಧಾರವಾಡದ ಹಳೆಯ ಸಭೆಗಳಲ್ಲಿ ಬೆಳೆದವರಿಗೆ ಈ ಭಾಗ ಹೊಸತೆನಿಸುವುದಿಲ್ಲ.

ಎರಡನೇ ದಿನ, ಶನಿವಾರ: ಲೈಪ್‌ಜಿಗ್

ಬೆಳಗ್ಗೆ ಚರ್ಚಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರೆ ಮೂರು ಗುರುತು ಸಿಗುತ್ತವೆ. ಪಶ್ಚಿಮಕ್ಕೆ ಮೆಂಡೆಲ್ಸನ್ನನ ಪ್ರತಿಮೆ. ಮೂಲ ಪ್ರತಿಮೆ 1892ರಲ್ಲಿ ಗೆವಾಂಡ್‌ಹೌಸ್ ಸಂಗೀತ ಭವನದ ಮುಂದೆ ನಿಂತಿತ್ತು. 1936ರ ನವೆಂಬರಿನಲ್ಲಿ, ನಗರದ ಮೇಯರ್ ಊರಲ್ಲಿಲ್ಲದ ರಾತ್ರಿ, ನಾಜಿಗಳು ಅದನ್ನು ಕಿತ್ತುಹಾಕಿದರು. ಈಗಿನದು 2008ರಲ್ಲಿ ಇಟ್ಟ ಪ್ರತಿಕೃತಿ. ಹತ್ತಿರದ ಉದ್ಯಾನದಲ್ಲಿರುವುದು ಹಿಂದಿನ ಶತಮಾನದಲ್ಲಿ ಇದೇ ಚರ್ಚಿನ ಸಂಗೀತ ನಡೆಸಿದ ರಚನಕಾರ ಬಾಖನ ಸ್ಮಾರಕ, 1843ರಲ್ಲಿ ಅನಾವರಣಗೊಂಡದ್ದು. ಅದಕ್ಕೆ ದುಡ್ಡು ಕೂಡಿಸಿದವನು ಮೆಂಡೆಲ್ಸನ್. ಮೂರನೆಯದು ಚರ್ಚಿನೊಳಗೆ: 1997ರಲ್ಲಿ ಕೂರಿಸಿದ ಮೆಂಡೆಲ್ಸನ್ ಹೆಸರಿನ ಬಣ್ಣದ ಗಾಜಿನ ಕಿಟಕಿ.

ಆ ಸ್ಮಾರಕಕ್ಕಾಗಿ 1840ರ ಆಗಸ್ಟ್ 6ರಂದು ಅವನು ಇದೇ ಚರ್ಚಿನಲ್ಲಿ ಒಬ್ಬನೇ ಕೂತು ಆರ್ಗನ್ ಕಛೇರಿ ಕೊಟ್ಟ. ಬಾಖನ ಇ-ಫ್ಲಾಟ್ ಮೇಜರ್ ಫ್ಯೂಗ್ (ಒಂದೇ ರಾಗವನ್ನು ಧ್ವನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ), ಎ ಮೈನರ್ ಪ್ರೆಲ್ಯೂಡ್ ಮತ್ತು ಫ್ಯೂಗ್, ಪ್ಯಾಸಕಾಲ್ಯ. ಕೊನೆಗೆ ಒಂದು ಪ್ಯಾಶನ್, ಅಂದರೆ ಕ್ರಿಸ್ತನ ಶ್ರಮೆಯ, ಕೊರಾಲಿನ ಮೇಲೆ ಮನೋಧರ್ಮದ ನುಡಿಸಾಣಿಕೆ. ಮುಂಚಿನ ಎಂಟು ದಿನ ಪೆಡಲ್ (ಕಾಲಿನಿಂದ ನುಡಿಸುವ ಕೀಲಿಮಣೆ) ಅಭ್ಯಾಸ ಮಾಡಿ ಮಾಡಿ ನೆಟ್ಟಗೆ ನಿಲ್ಲಲಾಗುತ್ತಿರಲಿಲ್ಲ, ಬೀದಿಯಲ್ಲಿ ನಡೆಯುವುದೂ ಪೆಡಲಿನ ಲಯದಲ್ಲೇ ಆಗಿತ್ತು ಎಂದು ತಾಯಿಗೆ ಬರೆದ.

ಅಟ್ಟದ ಮೇಲಿರುವ ಜೌವರ್ ಕಂಪನಿಯ ಆರ್ಗನ್ ಆಮೇಲಿನದು: 1889ರದು, 1908ರಲ್ಲಿ ಹಿಗ್ಗಿಸಿ 88 ಸ್ಟಾಪ್‌ಗಳಾದವು. (ಸ್ಟಾಪ್ ಎಂದರೆ ಒಂದೇ ಬಗೆಯ ದನಿಯ ಕೊಳವೆಗಳ ಸಾಲು.) ಉತ್ತರದ ಅಟ್ಟದಲ್ಲಿ 2000ನೇ ಇಸವಿಯ ಬಾಖ್ ಆರ್ಗನ್ ಬೇರೆ ಇದೆ. ಮೆಂಡೆಲ್ಸನ್ನನ ಕೃತಿಗಳನ್ನು ನಾವು ಕೇಳಬೇಕಾದದ್ದು ಮೊದಲನೆಯದರಲ್ಲಿ. ಅವನ ಆರು ಆರ್ಗನ್ ಸೊನಾಟಗಳು (ಕೃತಿ ಸಂಖ್ಯೆ 65, 1845) ಶುರುವಾದದ್ದು ಲಂಡನ್ನಿನ ಪ್ರಕಾಶಕರೊಬ್ಬರ ಬೇಡಿಕೆಯಿಂದ. ಅವರು ಕೇಳಿದ್ದು ‘ವಾಲಂಟರಿ’, ಅಂದರೆ ಆರಾಧನೆಯ ಮೊದಲು ಅಥವಾ ಕೊನೆಗೆ ನುಡಿಸುವ ಬಿಡಿ ತುಣುಕು. ಅವನು ಕೊಟ್ಟದ್ದು ಸೊನಾಟ, ಅಂದರೆ ಹಲವು ಭಾಗಗಳನ್ನು ಕೂಡಿಸಿದ ಕೃತಿ. ಆದರೆ ಒಂದೊಂದು ಭಾಗವನ್ನೂ ಬಿಡಿಸಿ ವಾಲಂಟರಿಯಾಗಿ ನುಡಿಸಬಹುದು. ಇಂದಿಗೂ ಪ್ಯಾರಿಷ್ ಆರ್ಗನಿಸ್ಟರು ಮಾಡುತ್ತಿರುವುದು ಅದನ್ನೇ. ಮೂರನೆಯದರ ಮೊದಲ ಭಾಗದಲ್ಲಿ ‘ಆಳದಿಂದ ನಿನ್ನನ್ನು ಕೂಗುತ್ತೇನೆ’ ಎಂಬ ಲೂಥರನ ಕೊರಾಲ್ ಪೆಡಲಿನಲ್ಲಿ ಬರುತ್ತದೆ. ಆರನೆಯದು ಕರ್ತನ ಪ್ರಾರ್ಥನೆಯ ಕೊರಾಲಿನ ಮೇಲಿನ ರೂಪಾಂತರಗಳು. ಅಬ್ಬರದಲ್ಲಿ ಮುಗಿಯದೆ ಮೆಲ್ಲಗೆ ಡಿ ಮೇಜರಿನಲ್ಲಿ ತಣಿಯುತ್ತದೆ. ಹಾಗಾಗಿ ಶವಸಂಸ್ಕಾರಕ್ಕೂ ಒಗ್ಗುತ್ತದೆ.

ಮುನ್ನುಡಿಯಲ್ಲಿ ಅವನೇ ಕೊಟ್ಟ ಸೂಚನೆಯನ್ನು ನುಡಿಸುವವರು ಓದದೆ ಬಿಡುತ್ತಾರೆ. ಫೋರ್ಟಿಸಿಮೊ (ಅತಿ ಜೋರು) ಎಂದರೆ ಪೂರ್ಣ ಆರ್ಗನ್. ಫೋರ್ಟೆ ಎಂದರೆ ಅದರಲ್ಲಿ ತೀರಾ ಜೋರಾದ ಕೆಲವು ಸ್ಟಾಪ್ ಕಳೆದದ್ದು. ಪಿಯಾನೊ (ಮೆಲ್ಲಗೆ) ಎಂದರೆ ಮೆದುವಾದ 8 ಅಡಿಯ ಕೆಲವು ಸ್ಟಾಪ್ ಸೇರಿಸಿದ್ದು. ಪಿಯಾನಿಸಿಮೊ ಎಂದರೆ ಮೆದುವಾದ 8 ಅಡಿಯ ಒಂದೇ ಒಂದು. ಪೆಡಲಿನಲ್ಲಿ ಮಾತ್ರ, ಎಷ್ಟೇ ಮೆಲ್ಲಗಿರಲಿ, 8 ಮತ್ತು 16 ಅಡಿ ಎರಡೂ ಇರಬೇಕು. ಬೇರೆ ಹೇಳಿದ್ದರೆ ಮಾತ್ರ ಬಿಡಬಹುದು. (ಅಡಿ ಎಂಬುದು ಕೊಳವೆಯ ಉದ್ದದ ಲೆಕ್ಕ. 8 ಅಡಿಯದು ಬರೆದ ಸ್ಥಾಯಿಯಲ್ಲೇ ನುಡಿಯುತ್ತದೆ, 16 ಅಡಿಯದು ಒಂದು ಸ್ಥಾಯಿ ಕೆಳಗೆ.) 16 ಅಡಿಯ ಪೆಡಲನ್ನು ಮಾತ್ರ ಎಳೆದು 8 ಅಡಿ ಬಿಟ್ಟರೆ ಮೂರನೇ ಸೊನಾಟದ ಆ ಕೊರಾಲ್ ಗುಡುಗುತ್ತದೆ, ಆದರೆ ರಾಗ ತಿಳಿಯುವುದಿಲ್ಲ. ಕಲ್ಲಿನ ಚರ್ಚಿನಲ್ಲಿ ತಪ್ಪಾಗುವುದು ಹೆಚ್ಚಾಗಿ ಇಲ್ಲೇ.

ಮಧ್ಯಾಹ್ನದ ಆರಾಧನೆ ಶುಕ್ರವಾರದ್ದಕ್ಕಿಂತ ಉದ್ದ. ಬಾಖನ ಒಂದು ಕಂಟಾಟ (ವಾದ್ಯಮೇಳದೊಡನೆ ಹಾಡುವ ಹಲವು ಭಾಗಗಳ ಕೃತಿ) ಸೇರುತ್ತದೆ, ಜನವೂ ಹೆಚ್ಚು. ಅರ್ಧ ಗಂಟೆ ಮುಂಚೆ ಬಂದರೆ ಸಾಲದು. ಸಂಜೆಯೇ ಬರ್ಲಿನ್ ರೈಲು ಹಿಡಿಯಿರಿ, ವೇಗದ ರೈಲಿನಲ್ಲಿ ಒಂದೂಕಾಲು ಗಂಟೆಯ ದಾರಿ.

ಮೂರನೇ ದಿನ, ಭಾನುವಾರ: ಬರ್ಲಿನ್

ಈಗಿನ ಕೆಥೆಡ್ರಲ್ 1905ರದು. ಮೆಂಡೆಲ್ಸನ್ ಕೆಲಸ ಮಾಡಿದ ಹಳೆಯ ಕಟ್ಟಡ ಇದೇ ಜಾಗದಲ್ಲಿತ್ತು. 1893ರಲ್ಲಿ ಅದನ್ನು ಕೆಡವಿದರು. ಆರಾಧನೆಗೆ ಬರುವವರಿಗೆ ಟಿಕೆಟ್ ಬೇಡ, ಗುಮ್ಮಟ ಹತ್ತಲು ಬೇಕು. ಬಾಗಿಲಲ್ಲಿ ‘ಆರಾಧನೆಗೆ’ ಎಂದು ಹೇಳಿದರೆ ಸಾಕು.

1840ರಲ್ಲಿ ಪಟ್ಟಕ್ಕೆ ಬಂದ ಪ್ರಷ್ಯಾದ ದೊರೆ ನಾಲ್ಕನೇ ಫ್ರೆಡ್ರಿಕ್ ವಿಲ್ಹೆಲ್ಮನಿಗೆ ಚರ್ಚಿನ ಹಾಡುಗಾರಿಕೆಯನ್ನು ಸುಧಾರಿಸುವ ಹಂಬಲ. 1842ರಲ್ಲಿ ಮೆಂಡೆಲ್ಸನ್ನನಿಗೆ ಚರ್ಚ್ ಸಂಗೀತದ ಹೊಣೆ ವಹಿಸಿದ. ಮರುವರ್ಷ ಕೆಥೆಡ್ರಲಿಗೆ ಹೊಸ ಮೇಳ ಕಟ್ಟಿಸಿದ. ಕೆಲಸ ಕೇಳಲು ಚೆಂದ, ಮಾಡಲು ಇಕ್ಕಟ್ಟು. ಹೊಸ ಕ್ರಮದಲ್ಲಿ ಮೇಳಕ್ಕೆ ಸಿಕ್ಕಿದ್ದು ಎರಡು ಮೂರು ಕಿಂಡಿಗಳು: ಆರಂಭದಲ್ಲಿ ಒಂದು ಕೀರ್ತನೆ, ಅಲ್ಲೆಲೂಯಕ್ಕೆ ಮುಂಚೆ ಒಂದು ವಚನ, ಜೊತೆಗೆ ಕ್ರಮದ ಉತ್ತರಗಳು. ಅಲ್ಲಿ ಬೇಕಾದದ್ದು ಚಿಕ್ಕದು, ಬಹುಪಾಲು ವಾದ್ಯವಿಲ್ಲದ್ದು. ದೊಡ್ಡ ಕಲ್ಪನೆಯವನನ್ನು ಕರೆದು ಚಿಕ್ಕ ಕಿಂಡಿಯಲ್ಲಿ ಹಾಡು ಎಂದಂತಾಯಿತು. ಆಸ್ಥಾನದ ಪಾದ್ರಿಗಳೊಡನೆ ಜಗ್ಗಾಟ ಶುರುವಾಗಿ 1844ರ ಹೊತ್ತಿಗೆ ಅವನು ಬರ್ಲಿನ್ನಿನ ಕೆಲಸದಿಂದ ಬಹುಮಟ್ಟಿಗೆ ಬಿಡಿಸಿಕೊಂಡ.

ಆದರೆ ಆ ಇಕ್ಕಟ್ಟಿನಲ್ಲಿ ಹುಟ್ಟಿದ ಹಾಡುಗಳು ಇವತ್ತಿನ ಕೊಯರುಗಳಿಗೆ ದೊಡ್ಡ ಆಸ್ತಿ. ಕೃತಿ ಸಂಖ್ಯೆ 78ರಲ್ಲಿ ಮೂರು ಕೀರ್ತನೆಗಳು: 2ನೆಯದು, 43ನೆಯದು, 22ನೆಯದು. ಎರಡನೆಯದು 1843ರ ಕ್ರಿಸ್‌ಮಸ್‌ಗೆ, ಇಪ್ಪತ್ತೆರಡನೆಯದು ಮರುವರ್ಷದ ಶುಭಶುಕ್ರವಾರಕ್ಕೆ. ಕೃತಿ ಸಂಖ್ಯೆ 79ರಲ್ಲಿ ಆರು ವಚನಗಳು: ಕ್ರಿಸ್‌ಮಸ್, ಹೊಸ ವರ್ಷ, ಸ್ವರ್ಗಾರೋಹಣ, ಶ್ರಮೆಯ ಕಾಲ, ಆಗಮನ ಕಾಲ, ಶುಭಶುಕ್ರವಾರಕ್ಕೆ ಒಂದೊಂದು. ಎಲ್ಲವೂ ಎಂಟು ಧ್ವನಿಯವು.

ಎಂಟು ಧ್ವನಿ ಎಂದು ಹೆದರಿ ಬಿಡುವ ಕೊಯರುಗಳೇ ಹೆಚ್ಚು. ಲೆಕ್ಕ ಸರಳ. ಒಂದು ಧ್ವನಿಗೆ ಕನಿಷ್ಠ ಮೂವರು ಬೇಕು, ಒಟ್ಟು 24. ಇಬ್ಬರೇ ಇದ್ದರೆ ಇಬ್ಬರೂ ಒಟ್ಟಿಗೆ ಉಸಿರೆಳೆದ ಕ್ಷಣ ಆ ಧ್ವನಿಯೇ ಮಾಯ. ಮೂವರಿದ್ದರೆ ಸರದಿಯಲ್ಲಿ ಉಸಿರಾಡಬಹುದು. ಎರಡನೇ ಬಾಸ್ (ಎಲ್ಲಕ್ಕಿಂತ ಕೆಳಗಿನ ಧ್ವನಿ) ದುರ್ಬಲವಾದರೆ ಶ್ರುತಿ ಇಳಿಯತೊಡಗುತ್ತದೆ, ಮುಗಿಯುವಾಗ ಅರ್ಧ ಸ್ವರ ಕೆಳಗಿರುತ್ತದೆ. ಗಟ್ಟಿ ದನಿಯವರನ್ನೆಲ್ಲ ಮೊದಲ ಬಾಸಿಗೆ ಕೊಡಬಾರದು. ಅಭ್ಯಾಸದಲ್ಲಿ ಎರಡೂ ಮೇಳಗಳನ್ನು ಎದುರುಬದುರಾಗಿ ನಿಲ್ಲಿಸಿ, ಆರಾಧನೆಯಲ್ಲಿ ಪಕ್ಕಪಕ್ಕ. ಆರಂಭಕ್ಕೆ 79ರ ವಚನಗಳು ಸರಿ. ಒಂದೊಂದೂ ಬಹಳ ಚಿಕ್ಕದು, ಎರಡು ವಾರದ ಅಭ್ಯಾಸಕ್ಕೆ ಕೈಗೆ ಹತ್ತುತ್ತದೆ. ‘ಆತನು ತನ್ನ ದೂತರಿಗೆ ಅಪ್ಪಣೆ ಕೊಟ್ಟಿದ್ದಾನೆ’ ಎಂಬ 91ನೇ ಕೀರ್ತನೆಯ ತುಣುಕೂ ಎಂಟು ಧ್ವನಿಯದೇ. 1844ರಲ್ಲಿ ದೊರೆಯ ಮೇಲೆ ಗುಂಡು ಹಾರಿ ಅವನು ಬದುಕುಳಿದಾಗ ಮೆಂಡೆಲ್ಸನ್ ಬರೆದು ಕಳಿಸಿದ್ದು. ಆಮೇಲೆ ವಾದ್ಯಮೇಳ ಸೇರಿಸಿ ‘ಎಲೀಯ’ ಒರೆಟೋರಿಯೊದೊಳಗೆ ಕೂರಿಸಿಕೊಂಡ.

ಕೆಥೆಡ್ರಲಿನಿಂದ ಪಶ್ಚಿಮಕ್ಕೆ ಹತ್ತು ನಿಮಿಷ ನಡೆದರೆ ಮ್ಯಾಕ್ಸಿಮ್ ಗೋರ್ಕಿ ನಾಟಕಶಾಲೆ. ಇದೇ ಹಳೆಯ ಸಿಂಗ್ ಅಕಾಡೆಮಿ ಕಟ್ಟಡ. 1829ರ ಮಾರ್ಚ್ 11ರಂದು, ಇಪ್ಪತ್ತು ವರ್ಷದ ಮೆಂಡೆಲ್ಸನ್ ಇಲ್ಲಿ ಬಾಖನ ‘ಮತ್ತಾಯನ ಪ್ಯಾಶನ್’ ಮತ್ತೆ ಎತ್ತಿ ಹಿಡಿದ. ಹಲವು ಏರಿಯಾಗಳನ್ನೂ (ಒಬ್ಬರೇ ಹಾಡುವ ಭಾಗಗಳು) ಕೆಲವು ಕೊರಾಲ್‌ಗಳನ್ನೂ ಕತ್ತರಿಸಿದ್ದ. ಬಳಕೆ ತಪ್ಪಿದ್ದ ಹಳೆಯ ಓಬೋಗಳ ಬದಲು ಕ್ಲಾರಿನೆಟ್ ಹಾಕಿಸಿದ್ದ. ಶುದ್ಧತಾವಾದಿಗಳು ಇಂದು ಮೂಗು ಮುರಿಯುತ್ತಾರೆ. ಕತ್ತರಿಸದೆ ಇಟ್ಟಿದ್ದರೆ ಆ ಸಂಜೆ ಯಾರು ಕೂತು ಕೇಳುತ್ತಿದ್ದರು? ಮೂಲತಃ ಶುಭಶುಕ್ರವಾರದ ಆರಾಧನೆಗೆ ಬರೆದದ್ದು ಹೀಗೆ ಟಿಕೆಟ್ ಕೊಂಡು ಕೇಳುವ ಕಛೇರಿಯಾಯಿತು. 1841ರ ಗರಿಗಳ ಭಾನುವಾರ ಅವನೇ ಅದನ್ನು ಲೈಪ್‌ಜಿಗ್‌ನ ಥೋಮಾಸ್ ಚರ್ಚಿಗೆ ಮರಳಿ ತಂದ.

ಸಂಜೆಗೆ ಯು6 ಮೆಟ್ರೊದಲ್ಲಿ ಮೆಹ್ರಿಂಗ್‌ಡಾಮ್. ಹತ್ತಿರದ ಟ್ರಿನಿಟಿ ಸ್ಮಶಾನದಲ್ಲಿ ಮೆಂಡೆಲ್ಸನ್ನನ ಸಮಾಧಿ. ಪಕ್ಕದಲ್ಲೇ ಅಕ್ಕ ಫ್ಯಾನಿ. ಅವಳು ಸತ್ತದ್ದು 1847ರ ಮೇ ತಿಂಗಳಲ್ಲಿ, ಅವನು ನವೆಂಬರಿನಲ್ಲಿ. ಚಳಿಗಾಲದಲ್ಲಿ ಗೇಟು ಬೇಗ ಮುಚ್ಚುತ್ತದೆ.

ನಾಲ್ಕನೇ ದಿನ, ಸೋಮವಾರ: ರೈಲಿನಲ್ಲಿ

ಇಡೀ ದಿನ ರೈಲು: ಬರ್ಲಿನ್, ಕೊಲೋನ್, ಬ್ರಸೆಲ್ಸ್, ಲಂಡನ್. ಬ್ರಸೆಲ್ಸ್‌ನಲ್ಲಿ ಯೂರೋಸ್ಟಾರಿಗೆ ಮುಂಚೆ ಪಾಸ್‌ಪೋರ್ಟ್ ತಪಾಸಣೆ ಇರುವುದರಿಂದ ಎರಡು ಗಂಟೆ ಬಿಡುವು ಇಟ್ಟುಕೊಳ್ಳಿ. ಜರ್ಮನ್ ರೈಲು ತಡವಾಗುವುದು ಈಗ ಸುದ್ದಿಯೇ ಅಲ್ಲ. ಬಿಡುವಿದ್ದವರು ಡ್ಯುಸೆಲ್‌ಡೋರ್ಫ್‌ನಲ್ಲಿ ಇಳಿಯಬಹುದು. ‘ಪೌಲ’ ಮೊದಲು ಹಾಡಿದ್ದು ಅಲ್ಲಿ, 1836ರ ಮೇ 22ರ ಪೆಂತೆಕೋಸ್ತ್ ಹಬ್ಬದ ಸಂಗೀತೋತ್ಸವದಲ್ಲಿ. ಆ ಕೃತಿಯ ಗುಟ್ಟು ಕೊರಾಲ್‌ಗಳಲ್ಲಿದೆ. ಕಛೇರಿಯ ಕೃತಿಯೊಳಗೆ ಸಭೆಯ ಹಾಡನ್ನು ಕೂರಿಸಿದಾಗ, ಟಿಕೆಟ್ ಕೊಂಡು ಕೂತವನಿಗೂ ತಾನು ಚರ್ಚಿನ ಬೆಂಚಿನಲ್ಲಿದ್ದೇನೆ ಅನ್ನಿಸುತ್ತದೆ. ಇಂಥದ್ದು ಕಛೇರಿಗೆ ಸಲ್ಲದು ಎಂದವರು ಆಗಲೂ ಇದ್ದರು.

ಐದನೇ ದಿನ, ಮಂಗಳವಾರ: ಲಂಡನ್

ಬೆಳಗ್ಗೆ ಸೇಂಟ್ ಪೌಲ್ಸ್ ಕೆಥೆಡ್ರಲಿನ ಹೊರಗಿನಿಂದ ಶುರು. 1837ರ ಸೆಪ್ಟೆಂಬರಿನ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಮೆಂಡೆಲ್ಸನ್ ಇಲ್ಲಿ ಬಾಖನ ಎ ಮೈನರ್ ಫ್ಯೂಗ್ ನುಡಿಸುತ್ತಿದ್ದ. ಜನ ಎದ್ದು ಹೋಗುವ ಲಕ್ಷಣವೇ ಇಲ್ಲ. ಬೀಗ ಹಾಕಿ ಮನೆಗೆ ಹೋಗಬೇಕಿದ್ದ ಸಿಬ್ಬಂದಿ ತಿದಿ ಒತ್ತುವವರನ್ನೇ ಕರೆದುಕೊಂಡು ಹೊರಟರು. ಪೆಡಲಿನ ದೊಡ್ಡ ಓಟದ ಹೊತ್ತಿಗೆ ಗಾಳಿ ನಿಂತು ಆರ್ಗನ್ ಉಸಿರು ಬಿಟ್ಟಿತು.

ಎರಡು ದಿನ ಬಿಟ್ಟು ಅವನು ಅದನ್ನೇ ಪೂರ್ತಿಯಾಗಿ ನುಡಿಸಿದ್ದು ಕೂಗಳತೆಯ ನ್ಯೂಗೇಟ್ ಬೀದಿಯ ಕ್ರೈಸ್ಟ್ ಚರ್ಚಿನಲ್ಲಿ. 1940ರ ಡಿಸೆಂಬರಿನ ಬಾಂಬ್ ದಾಳಿಯಲ್ಲಿ ಅದು ಉರಿದುಹೋಯಿತು. ಈಗ ಗೋಡೆಗಳ ನಡುವೆ ಹೂದೋಟ, ಬೆಂಚುಗಳು, ಊಟದ ಡಬ್ಬಿ ಬಿಚ್ಚುವ ಆಫೀಸಿನವರು. ಅಂದು ಅಲ್ಲಿಗೆ ಬಂದ ಮುದುಕರಲ್ಲಿ ಸ್ಯಾಮ್ಯುಯೆಲ್ ವೆಸ್ಲಿ ಒಬ್ಬ. ಇಂಗ್ಲೆಂಡಿನಲ್ಲಿ ಬಾಖನ ಸಂಗೀತಕ್ಕಾಗಿ ಹೋರಾಡಿದ ಆರ್ಗನಿಸ್ಟ್, ಮೆಥಡಿಸ್ಟ್ ಗೀತಕಾರ ಚಾರ್ಲ್ಸ್ ವೆಸ್ಲಿಯ ಮಗ. ಮೆಂಡೆಲ್ಸನ್ನನ ಮುಂದೆ ತಾನೂ ನುಡಿಸಿದ. ಮುಂದಿನ ತಿಂಗಳೇ ತೀರಿಕೊಂಡ. ತಂದೆಯ ಒಂದು ಹಾಡಿನ ಪದಗಳೂ ಈ ಅತಿಥಿಯ ರಾಗವೂ 18 ವರ್ಷದ ನಂತರ ಒಂದಾಗಲಿವೆಯೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಮೆಂಡೆಲ್ಸನ್ ಆ ರಾಗವನ್ನು ಇನ್ನೂ ಕಟ್ಟಿಯೇ ಇರಲಿಲ್ಲ.

ಅಂದಿನ ಇಂಗ್ಲಿಷ್ ಆರ್ಗನ್‌ಗಳಲ್ಲಿ ಬಹುಪಾಲಿಗೆ ಪೂರ್ತಿ ಪೆಡಲ್ ಇರಲಿಲ್ಲ. ಇದ್ದರೂ ಕೆಲವೇ ಸ್ವರ. ಬಾಖನನ್ನು ನುಡಿಸಬೇಕೆಂದರೆ ಎಡಗೈ ಪೆಡಲಿನ ಕೆಲಸವನ್ನೂ ಮಾಡಬೇಕು. ಮೆಂಡೆಲ್ಸನ್ ಬಂದು ನುಡಿಸಿದ ಮೇಲೆ, ಅವನ ಸೊನಾಟಗಳು ಅಚ್ಚಾದ ಮೇಲೆ, ಜರ್ಮನ್ ಮಾದರಿಯ ಪೆಡಲಿಗಾಗಿ ವಾದಿಸುತ್ತಿದ್ದ ಗಾಂಟ್ಲೆಟ್‌ನಂಥ ಆರ್ಗನಿಸ್ಟರ ಮಾತಿಗೆ ಬಲ ಬಂತು. ಇದರ ಸಾಕ್ಷಿ ಕಾರ್ನ್‌ಹಿಲ್‌ನ ಸೇಂಟ್ ಪೀಟರ್ ಚರ್ಚಿನಲ್ಲಿದೆ. ವಿಲಿಯಮ್ ಹಿಲ್ 1840ರಲ್ಲಿ ಕಟ್ಟಿದ ಅಲ್ಲಿನ ಆರ್ಗನನ್ನು ಮೆಂಡೆಲ್ಸನ್ ಅದೇ ವರ್ಷ ನುಡಿಸಿದ. ಅವನ ಬೆರಳು ಮುಟ್ಟಿದ ಕೀಲಿಮಣೆಯನ್ನು ಕಾಪಾಡಿಟ್ಟಿದ್ದಾರೆ. ಚರ್ಚು ದಿನವೂ ತೆರೆದಿರುವುದಿಲ್ಲ, ಮುಂಚೆ ಬರೆದು ಕೇಳಿಕೊಳ್ಳಬೇಕು.

ಸಂಜೆ ಸೇಂಟ್ ಪೌಲ್ಸ್‌ನಲ್ಲಿ ಈವನ್‌ಸಾಂಗ್, ಅಂದರೆ ಹಾಡಿನ ಸಂಧ್ಯಾಪ್ರಾರ್ಥನೆ. ಪ್ರವಾಸಿಗರಿಗೆ ದುಬಾರಿ ಟಿಕೆಟ್. ಪ್ರಾರ್ಥನೆಗೆ ಬರುವವರಿಗೆ ಉಚಿತ. ಅಂದು ಯಾವ ಆ್ಯಂಥಮ್ ಹಾಡುತ್ತಾರೆಂಬ ಪಟ್ಟಿ ಮೊದಲೇ ಪ್ರಕಟವಾಗಿರುತ್ತದೆ. ಆ್ಯಂಥಮ್ ಎಂಬುದೇ ಮೆಂಡೆಲ್ಸನ್ನನಿಗೆ ಇಂಗ್ಲೆಂಡಿನಲ್ಲಿ ಸಿಕ್ಕ ಕಿಂಡಿ: ಪ್ರಾರ್ಥನೆಗಳ ನಡುವೆ ಮೇಳ ಮಾತ್ರ ಹಾಡುವ ಜಾಗ. ಬರ್ಲಿನ್ನಿನ ಕಿಂಡಿಗಿಂತ ಅಗಲ, ಆರ್ಗನ್ನಿಗೂ ಅವಕಾಶ. 1844ರಲ್ಲಿ ಬರೆದ ‘ನನ್ನ ಪ್ರಾರ್ಥನೆ ಕೇಳು’ (55ನೇ ಕೀರ್ತನೆಯ ಭಾವಾನುವಾದ) ಅಲ್ಲಿ ಹೇಳಿ ಮಾಡಿಸಿದ ಹಾಗೆ ಕೂತಿತು. ಮೊದಲು ಹಾಡಿದ್ದು ಚರ್ಚಿನಲ್ಲಲ್ಲ, 1845ರ ಜನವರಿಯಲ್ಲಿ ಕ್ರಾಸ್ಬಿ ಹಾಲಿನ ಕಛೇರಿಯಲ್ಲಿ. 1927ರಲ್ಲಿ ಟೆಂಪಲ್ ಚರ್ಚಿನ ಹುಡುಗ ಅರ್ನೆಸ್ಟ್ ಲಫ್ ಹಾಡಿದ ಗ್ರಾಮಫೋನ್ ತಟ್ಟೆ ಬಂದ ಮೇಲಂತೂ ಪಾರಿವಾಳದ ರೆಕ್ಕೆಗಾಗಿ ಹಂಬಲಿಸುವ ಅದರ ಕೊನೆಯ ಭಾಗ ಮನೆಮಾತಾಯಿತು.

ಕೊಯರು ಇದನ್ನು ಎತ್ತಿಕೊಂಡಾಗ ಎಡವುವುದು ಎಲ್ಲಿ? ಸುಮಾರು 11 ನಿಮಿಷದ ಕೃತಿಯಲ್ಲಿ ಒಂಟಿಯಾಗಿ ಹಾಡುವ ಹುಡುಗನ ದನಿ ದಣಿಯುವುದು ನಡುವಿನಲ್ಲಿ, ‘ಶತ್ರು ಕೂಗುತ್ತಾನೆ’ ಎಂಬ ಇ ಮೈನರ್ ಭಾಗದಲ್ಲಿ. ಅಲ್ಲಿ ಮೇಳ ಅಬ್ಬರಿಸಿದರೆ ಹುಡುಗನೂ ಅಬ್ಬರಿಸುತ್ತಾನೆ; ಕೊನೆಯ ಜಿ ಮೇಜರ್ ಭಾಗಕ್ಕೆ ದನಿಯೇ ಉಳಿದಿರುವುದಿಲ್ಲ. ಇನ್ನೊಂದು, ಆ ಕೊನೆಯ ಭಾಗವನ್ನು ಭಕ್ತಿಯ ಹೆಸರಿನಲ್ಲಿ ಎಳೆಯುವುದು. ಎಳೆದಷ್ಟೂ ಸಾಲಿನ ನಡುವೆ ಉಸಿರು ಬೇಕಾಗುತ್ತದೆ, ಪದ ತುಂಡಾಗುತ್ತದೆ.

ದಾರಿಯಲ್ಲಿ ಸೇಂಟ್ ಜೇಮ್ಸ್ ಅರಮನೆ ಸಿಕ್ಕರೆ ಒಂದು ಕ್ಷಣ ನಿಲ್ಲಿ. 1858ರ ಜನವರಿ 25ರಂದು ಅಲ್ಲಿನ ಚಾಪೆಲ್‌ನಲ್ಲಿ ವಿಕ್ಟೋರಿಯಾ ರಾಣಿಯ ಹಿರಿಮಗಳ ಮದುವೆಗೆ ಮೆಂಡೆಲ್ಸನ್ನನ ವೆಡ್ಡಿಂಗ್ ಮಾರ್ಚ್ ನುಡಿಸಿದರು. ಅಲ್ಲಿಂದಾಚೆಗೆ ಅದು ಲೋಕದ ಆಸ್ತಿ. ನಮ್ಮೂರಿನ ಬ್ಯಾಂಡ್‌ಸೆಟ್ಟಿನವರಿಗೂ ಬಾಯಿಪಾಠ. ಅದು ನಾಟಕಕ್ಕೆ ಬರೆದದ್ದು, ಶೇಕ್ಸ್‌ಪಿಯರನ ‘ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ಗೆ. ಒಬ್ಬನ ಹೆಗಲ ಮೇಲೆ ಕತ್ತೆಯ ತಲೆ ಕೂರುವ ನಾಟಕದ ಸಂಗೀತ ಚರ್ಚಿಗೆ ಬೇಡವೆನ್ನುವ ಪಾದ್ರಿಗಳು ಈಗಲೂ ಇದ್ದಾರೆ. ಅವರ ಮಾತನ್ನು ವಧುವರರು ಕೇಳುವುದು ಕಡಿಮೆ.

ಆರನೇ ದಿನ, ಬುಧವಾರ: ಬರ್ಮಿಂಗ್‌ಹ್ಯಾಮ್

ಯೂಸ್ಟನ್ನಿನಿಂದ ಒಂದೂವರೆ ಗಂಟೆಯೊಳಗಿನ ರೈಲು, ನಿಲ್ದಾಣದಿಂದ ಟೌನ್ ಹಾಲಿಗೆ ಹತ್ತು ನಿಮಿಷ. ರೋಮನ್ ದೇವಾಲಯದ ಮಾದರಿಯ ಈ ಕಟ್ಟಡ 1834ರದು. ಕಾರ್ಯಕ್ರಮವಿಲ್ಲದ ದಿನ ಹೊರಗಿನ ಕಂಬಗಳನ್ನಷ್ಟೇ ನೋಡಿ ಬರಬೇಕಾದೀತು. ಆರ್ಗನ್ ಕಛೇರಿಯ ದಿನ ನೋಡಿಕೊಂಡು ಈ ದಿನವನ್ನು ಹಿಂದೆ ಮುಂದೆ ಮಾಡಿ.

1846ರ ಆಗಸ್ಟ್ 26ರ ಬೆಳಗ್ಗೆ ‘ಎಲೀಯ’ ಮೊದಲು ಹಾಡಿದ್ದು ಇಲ್ಲಿ. ವಾದ್ಯಗಾರರು 125, ಮೇಳದವರು 271: ಸೊಪ್ರಾನೊ 79, ಆಲ್ಟೊ 60, ಟೆನರ್ 60, ಬಾಸ್ 72. ಆಲ್ಟೊಗಳೆಲ್ಲ ಗಂಡಸರು. ಆರ್ಗನ್ನಿನ ಮುಂದೆ ಕೂತಿದ್ದವನು ಮೇಲೆ ಹೇಳಿದ ಗಾಂಟ್ಲೆಟ್. ಎಂಟು ಭಾಗಗಳನ್ನು ಜನ ಮತ್ತೆ ಹಾಡಿಸಿದರು. ಮೆಂಡೆಲ್ಸನ್ನನಿಗೆ ಮಾತ್ರ ತೃಪ್ತಿಯಿಲ್ಲ. ಊರಿಗೆ ಹೋಗಿ ತಿದ್ದಿದ; ಇಬ್ಬರು ಹಾಡುತ್ತಿದ್ದ ‘ಬೆಟ್ಟಗಳ ಕಡೆಗೆ ಕಣ್ಣೆತ್ತು’ ವಾದ್ಯವಿಲ್ಲದ ಮೂವರ ಹಾಡಾದದ್ದು ಆಗ. ‘ಯೆಹೋವನಲ್ಲಿ ನೆಮ್ಮದಿಯಾಗಿರು’ ಎಂಬ ಆಲ್ಟೊ ಏರಿಯಾ ಒಂದು ಸ್ಕಾಟಿಷ್ ಹಾಡಿನಂತಿದೆ ಎಂಬ ಮಾತು ಬಂದಾಗ ಅದನ್ನು ತೆಗೆದೇಹಾಕಲು ಹೊರಟಿದ್ದ. ಸದ್ಯ, ತೆಗೆಯಲಿಲ್ಲ.

42 ಭಾಗಗಳ ಈ ಕೃತಿಯನ್ನು ಇಂಗ್ಲಿಷ್ ಚರ್ಚುಗಳು ಬಾಳೆಗೊನೆಯಂತೆ ಕಂಡವು: ಬೇಕಾದ ಚಿಪ್ಪು ಕಿತ್ತುಕೊಂಡು ಆ್ಯಂಥಮ್ ಮಾಡಿಕೊಂಡವು. ‘ಇಸ್ರಾಯೇಲನ್ನು ಕಾಯುವಾತನು’, ‘ನಿನ್ನ ಭಾರವನ್ನು ಯೆಹೋವನ ಮೇಲೆ ಹಾಕು’, ಮೇಲಿನ ಮೂವರ ಹಾಡು, ಆಲ್ಟೊ ಏರಿಯಾ. ಕಥೆಯಲ್ಲಿ ಇವಕ್ಕೆಲ್ಲ ಜಾಗವಿದೆ. ಹೆಚ್ಚಿನವು ಅಡವಿಯಲ್ಲಿ ಸಾಯಬೇಕೆಂದು ಮಲಗಿದ ಪ್ರವಾದಿಗೆ ಹೇಳುವ ಸಾಂತ್ವನ. ಕಿತ್ತ ಮೇಲೆ ಯಾರಿಗೆ ಬೇಕಾದರೂ ಹೇಳಬಹುದಾದ ಸಾಂತ್ವನವಾಯಿತು, ಶವಸಂಸ್ಕಾರಗಳಲ್ಲಿ ನೆಲೆಸಿತು. ಮೊದಲು ಎವರ್ ಕಂಪನಿ ಅಚ್ಚು ಹಾಕಿತು. 1867ರಲ್ಲಿ ಅದು ನವೆಲ್ಲೋ ಪ್ರಕಾಶನದಲ್ಲಿ ಸೇರಿದ ಮೇಲೆ ಅಗ್ಗದ ಪ್ರತಿಗಳು ಹಳ್ಳಿಯ ಕೊಯರಿಗೂ ತಲುಪಿದವು.

ವಾದ್ಯಮೇಳದ್ದನ್ನು ಆರ್ಗನ್ನಿಗೆ ಇಳಿಸುವಾಗ ಒಂದು ಎಚ್ಚರ. ‘ಇಸ್ರಾಯೇಲನ್ನು ಕಾಯುವಾತನು’ ಉದ್ದಕ್ಕೂ ತಂತಿವಾದ್ಯಗಳು ಮೂರು ಮೂರು ಸ್ವರದ ಅಲೆ ನುಡಿಸುತ್ತವೆ. ಅದನ್ನು ಪಿಯಾನೊ ಪ್ರತಿಯಲ್ಲಿರುವಂತೆ ಆರ್ಗನ್ನಿನಲ್ಲಿ ಒತ್ತಿದರೆ ಗೊಜ್ಜಾಗುತ್ತದೆ. ಕೈಮಣೆಯಲ್ಲಿ 8 ಅಡಿಯ ಮೆದು ಸ್ಟಾಪ್ ಒಂದೋ ಎರಡೋ ಸಾಕು, 16 ಅಡಿ ಬೇಡವೇ ಬೇಡ; ಎಡಗೈ ಸ್ವರಮೇಳ ಹಿಡಿದಿರಲಿ, ಅಲೆ ಬಲಗೈಯಲ್ಲಿ ಮಾತ್ರ ಹರಿಯಲಿ.

ಏಳನೇ ದಿನ, ಗುರುವಾರ: ವಾಲ್ಥಮ್ ಆ್ಯಬಿ

ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ವಾಲ್ಥಮ್ ಕ್ರಾಸ್‌ಗೆ ಅರ್ಧ ಗಂಟೆ, ಅಲ್ಲಿಂದ ಬಸ್ಸು ಅಥವಾ ಅರ್ಧ ಗಂಟೆಯ ನಡಿಗೆ. ದಪ್ಪ ನಾರ್ಮನ್ ಕಂಬಗಳ ಹಳೆಯ ಚರ್ಚು. 1855ರ ಕ್ರಿಸ್‌ಮಸ್‌ನಲ್ಲಿ ಇಲ್ಲಿನ ಆರ್ಗನಿಸ್ಟ್ ವಿಲಿಯಮ್ ಕಮಿಂಗ್ಸ್ ಒಂದು ಹೊಲಿಗೆ ಹಾಕಿದ. ಹುಡುಗನಾಗಿದ್ದಾಗ, 1847ರಲ್ಲಿ, ಮೆಂಡೆಲ್ಸನ್ನನ ನಿರ್ದೇಶನದಲ್ಲೇ ಲಂಡನ್ನಿನಲ್ಲಿ ‘ಎಲೀಯ’ ಹಾಡಿದ್ದವನು ಅವನು.

ಹೊಲಿದದ್ದು ಎರಡು ಬಟ್ಟೆ. ಒಂದು, ಚಾರ್ಲ್ಸ್ ವೆಸ್ಲಿ 1739ರಲ್ಲಿ ಪ್ರಕಟಿಸಿದ ಕ್ರಿಸ್‌ಮಸ್ ಗೀತೆ. ‘ಹಾರ್ಕ್ ದ ಹೆರಲ್ಡ್ ಏಂಜಲ್ಸ್ ಸಿಂಗ್’ ಎಂಬ ಮೊದಲ ಸಾಲು ಬೋಧಕ ವೈಟ್‌ಫೀಲ್ಡ್ ಆಮೇಲೆ ತಿದ್ದಿದ್ದು. ಇನ್ನೊಂದು, 1840ರ ಜೂನಿನಲ್ಲಿ ಲೈಪ್‌ಜಿಗ್‌ನ ಮಾರುಕಟ್ಟೆ ಚೌಕದಲ್ಲಿ ಹಾಡಲು ಮೆಂಡೆಲ್ಸನ್ ಬರೆದ ಹಾಡು. ಅಚ್ಚಿನ ವಿದ್ಯೆಯ 400ನೇ ವರ್ಷಕ್ಕೆ, ಗುಟೆನ್‌ಬರ್ಗನ ಗುಣಗಾನಕ್ಕೆ, ಗಂಡಸರ ಮೇಳ ಮತ್ತು ಹಿತ್ತಾಳೆ ವಾದ್ಯಗಳಿಗೆ ಬರೆದದ್ದು. ಇದಕ್ಕೆ ಬೇರೆ ಪದ ಕೂಡಿಸಬಹುದು, ಆದರೆ ಭಕ್ತಿಯ ಪದ ಎಂದಿಗೂ ಒಗ್ಗದು, ಸಿಪಾಯಿಗಳ ಹುರುಪಿನಂಥದ್ದು ಬೇಕು ಎಂದು ಅವನು 1843ರಲ್ಲಿ ಪ್ರಕಾಶಕರಿಗೆ ಬರೆದಿದ್ದ. 1861ರ ಹೊತ್ತಿಗೆ ಈ ಹೊಲಿದ ಹಾಡು ‘ಹಿಮ್ಸ್ ಏನ್ಷಂಟ್ ಆ್ಯಂಡ್ ಮಾಡರ್ನ್’ ಪುಸ್ತಕಕ್ಕೆ ಸೇರಿ, ಇಂಗ್ಲಿಷರು ಹೋದಲ್ಲೆಲ್ಲ ಹೋಯಿತು.

ಕಮಿಂಗ್ಸ್‌ನ ಕೈಚಳಕ ಇಷ್ಟು: ವೆಸ್ಲಿಯ ನಾಲ್ಕು ಸಾಲಿನ ಎರಡು ಪದ್ಯಗಳನ್ನು ಒಂದು ಮಾಡಿದ, ರಾಗದಲ್ಲಿ ಇನ್ನೂ ಎರಡು ಸಾಲು ಉಳಿದದ್ದಕ್ಕೆ ಮೊದಲೆರಡು ಸಾಲನ್ನೇ ಪಲ್ಲವಿಯಾಗಿ ಕೂಡಿಸಿದ. ಸಾಲಿಗೆ ಏಳು ಅಕ್ಷರ, ಎಂಟು ಎಣಿಕೆ. ನಮ್ಮ ಸ್ವರದಲ್ಲಿ ಹೇಳುವುದಾದರೆ ಮೊದಲ ಸಾಲು ಮಂದ್ರದಿಂದ: ಪ ಸ ಸ ನಿ | ಸ ಗ ಗ ರಿ. ಮೂರನೇ ಸ್ವರ ಒಂದೂವರೆ ಎಣಿಕೆ, ನಾಲ್ಕನೆಯದು ಅರ್ಧ. ಕೊನೆಯ ಅಕ್ಷರಕ್ಕೆ ಗ-ರಿ ಎರಡು ಸ್ವರ.

ಕನ್ನಡದಲ್ಲಿ ಹಾಡುವಾಗ ತೊಡಕಾಗುವುದು ಸರಿಯಾಗಿ ಈ ಎರಡು ಜಾಗದಲ್ಲಿ. ನಾಲ್ಕನೆಯ ಅಕ್ಷರ ದೀರ್ಘವಾದರೆ ಅರ್ಧ ಎಣಿಕೆಯಲ್ಲಿ ನಜ್ಜುಗುಜ್ಜಾಗುತ್ತದೆ. ಕೊನೆಯ ಅಕ್ಷರ ಹ್ರಸ್ವವಾದರೆ, ಕನ್ನಡದಲ್ಲಿ ಬಹುಪಾಲು ಹಾಗೇ ಆಗುವುದು, ಎರಡು ಸ್ವರಕ್ಕೆ ಎಳೆದು ‘ಬಂದನು’ ಎಂಬುದು ‘ಬಂದನೂ’ ಆಗಿಬಿಡುತ್ತದೆ. ಅನುವಾದಿಸುವವರು ಸಾಲನ್ನು ‘ರಾಜಾ’, ‘ಈಗಲೇ’ಗಳಂಥ ದೀರ್ಘಾಂತದಲ್ಲಿ ನಿಲ್ಲಿಸಿದರೆ ಹಾಡುವವರ ನಾಲಿಗೆ ಬದುಕಿತು. ಶ್ರುತಿ ಎಫ್‌ನಲ್ಲಿಡಿ. ಜಿ ಇಟ್ಟರೆ ಪಲ್ಲವಿಯ ಮೇಲಿನ ಸ್ವರಕ್ಕೆ ಕೊಯರು ಏರುತ್ತದೆ, ಸಭೆಯ ಗಂಡಸರು ಒಂದು ಸ್ಥಾಯಿ ಕೆಳಗಿಳಿದು ಗೊಣಗುತ್ತಾರೆ. ಹಿತ್ತಾಳೆ ವಾದ್ಯದ ರಾಗವಾದ್ದರಿಂದ ಗತಿ ನಡಿಗೆಯದೇ ಇರಲಿ. ಅಷ್ಟರಮಟ್ಟಿಗೆ ಅವನ ಸಿಪಾಯಿಗಳ ಮಾತು ನಡೆದಂತಾಗುತ್ತದೆ.